ಊಟ ಆದ್ಮೇಲಿನ ಪ್ರಾರ್ಥನೆ

ಊಟಕ್ಕೆ ಮುಂಚೆ ಪ್ರಾರ್ಥನೆ ಯಾರ್ ಬೇಕಾದ್ರೂ ಮಾಡ್ತಾರೆ ಕಣ್ರೋ, ತಟ್ಟೆ ಮುಂದೆ ಇರುತ್ತೆ, ಹೊಟ್ಟೆ ಹಸ್ದಿರುತ್ತೆ, ಊಟ ಆದ್ಮೇಲೆ ನಿಂತ್ಕೊಂಡು ಮಾಡ್ರಿ ನೋಡೋಣ ಅಂತ ನಮ್ಮ ವಾರ್ಡನ್ ಫಾದರ್ ಹೇಳ್ತಿದ್ರು. ಡೇ ಸ್ಕಾಲರ್ಸ್‌ಗೆ ಇದು ಅಷ್ಟಾಗಿ ಗೊತ್ತಿರಲ್ಲ, ಹಾಸ್ಟೆಲಲ್ಲಿ ಇದ್ದೋರು ಓದಿದ್ರೆ ಈಗ್ಲೇ ನಗ್ತಿರ್ತಾರೆ. ನಾನು 2008ರ ಎಸ್ಸೆಸ್ಸೆಲ್ಸಿ ಬ್ಯಾಚ್. ಸ್ಕೂಲ್ ಮ್ಯಾಗಝೀನ್‌ಗೆ ಹಳೆ ವಿದ್ಯಾರ್ಥಿಗಳು ಏನಾದ್ರೂ ಬರ್ಕೊಡಿ ಅಂತ ಮೆಸೇಜ್ ಬಂದಾಗ ಸ್ಪೋರ್ಟ್ಸ್ ಡೇ ಬಗ್ಗೆ ಬರೀಬೇಕು ಅನ್ಕೊಂಡಿದ್ದೆ, ಆದ್ರೆ ಕೂತ್ಕೊಂಡು ಟೈಪ್ ಮಾಡೋಕೆ ಶುರು ಮಾಡಿದ್ರೆ ಕೈ ಇಲ್ಲಿಗೇ ಬಂತು.

ನಮ್ಮ ಡೈನಿಂಗ್ ಹಾಲ್ ಅಂದ್ರೆ ಉದ್ದಕ್ಕೆ ಹಾಸಿರೋ ಕಲ್ಲು ಬೆಂಚು, ಎದುರಿಗೆ ಸಿಮೆಂಟ್ ಕಟ್ಟೆ, ಒಂದು ಗೋಡೆಯಲ್ಲಿ ಶಿಲುಬೆ, ಇನ್ನೊಂದು ಗೋಡೆಯಲ್ಲಿ ಯಾವಾಗ್ಲೂ ಹತ್ತು ನಿಮಿಷ ಹಿಂದೆ ಇರೋ ಗಡಿಯಾರ. ರಾತ್ರಿ ಮುದ್ದೆ, ಹುರುಳಿ ಸಾರು, ಬುಧವಾರ ಆಲೂಗೆಡ್ಡೆ ಪಲ್ಯ. ಊಟಕ್ಕೆ ಮುಂಚೆ ಒಂದು ಪ್ರಾರ್ಥನೆ, ಊಟ ಆದ್ಮೇಲೆ ಇನ್ನೊಂದು, ಕಥೋಲಿಕರಲ್ಲಿ ಇದು ಹಳೇ ಪದ್ಧತಿ, ಮನೆಗಳಲ್ಲಿ ಈಗ ಎರಡನೇದು ಬಿಟ್ಟೇ ಹೋಗಿದೆ. ಪ್ರಾಬ್ಲಂ ಏನಂದ್ರೆ ಹೊರಗೆ ತಟ್ಟೆ ತೊಳೆಯೋಕೆ ನೆಟ್ಟಗೆ ನೀರು ಬರೋ ನಲ್ಲಿ ಒಂದೇ ಇತ್ತು, ಮೊದ್ಲು ಹೋದೋನಿಗೆ ಒಳ್ಳೆ ನೀರು, ಕೊನೇಲಿ ಹೋದೋನಿಗೆ ಜಿಡ್ಡು ತುಂಬಿದ ಕಟ್ಟೆ, ಕೆಸರು, ಜೊತೆಗೆ ಸ್ಟಡಿ ಬೆಲ್ ಹೊಡೆದ್ರೆ ಬೈಗುಳ ಬೇರೆ, ಹಂಗಾಗಿ ಸಾರಿನ ಕೊನೇ ತುತ್ತು ಬಾಯಲ್ಲಿ ಇಟ್ಕೊಂಡೇ ಎದ್ದು ಓಡೋರು ದಿನಾ ಒಂದಷ್ಟು ಜನ ಇರ್ತಿದ್ರು. ಫಾದರ್ ಬಾಗಿಲ ಹತ್ರ ನಿಂತಿರ್ತಿದ್ರು. ಹಿಡೀತಾ ಇರ್ಲಿಲ್ಲ, ಹೊಡೀತಾನೂ ಇರ್ಲಿಲ್ಲ. ಉಳಿದೋರ ಜೊತೆ ಪ್ರಾರ್ಥನೆ ಮುಗಿಸಿ ಹೊರಗೆ ಬಂದು ನಲ್ಲಿ ಹತ್ರ ಇದ್ದೋರನ್ನ ನೋಡಿ "ಉಳಿದ ಒಂಬತ್ತು ಜನ ಎಲ್ರಪ್ಪಾ?" ಅಂತ ಕೇಳೋರು. ಓಡಿ ಹೋಗಿದ್ದು ಮೂರು ಜನ ಆಗಿರ್ಲಿ, ಇಪ್ಪತ್ತು ಜನ ಆಗಿರ್ಲಿ, ಅವ್ರ ಲೆಕ್ಕ ಯಾವಾಗ್ಲೂ ಒಂಬತ್ತೇ. ಆರನೇ ಕ್ಲಾಸಲ್ಲಿ ಸೇರಿದ ಹೊಸಬ್ರು ಫಾದರ್‌ಗೆ ಮ್ಯಾಥ್ಸ್ ಬರಲ್ಲ ಅನ್ಕೊಂಡಿದ್ವಿ.

ಆಮೇಲೆ ಒಂದು ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಬೈಬಲ್ಲಿನ ಲೂಕನ ಶುಭಸಂದೇಶ ಹದಿನೇಳನೇ ಅಧ್ಯಾಯ ಓದಿದಾಗ ಎಲ್ಲಾರೂ ಒಬ್ರ ಮುಖ ಒಬ್ರು ನೋಡ್ಕೊಂಡು ಕಿಸಕ್ ಅಂತ ನಕ್ವಿ. ಕಥೆ ನಿಮಗೆ ಗೊತ್ತಿರುತ್ತೆ, ಗಲಿಲೇಯ ಸಮಾರ್ಯ ಗಡಿ ಹತ್ರ ಹತ್ತು ಜನ ಕುಷ್ಠರೋಗಿಗಳು ದೂರ ನಿಂತ್ಕೊಂಡು ಕೂಗ್ತಾರೆ, ಯೇಸುಸ್ವಾಮಿ ಹೋಗಿ ಯಾಜಕರಿಗೆ ತೋರಿಸ್ಕೊಳ್ಳಿ ಅಂತಾರೆ, ಹೋಗ್ತಾ ಹೋಗ್ತಾ ದಾರೀಲೇ ವಾಸಿ ಆಗುತ್ತೆ, ಒಬ್ಬನೇ ಒಬ್ಬ ವಾಪಸ್ ಬಂದು ಕಾಲಿಗೆ ಬೀಳ್ತಾನೆ, ಅವನೂ ಸಮಾರ್ಯದವನು, ಹೊರಗಿನವನು. ಆಗ ಸ್ವಾಮಿ ಕೇಳೋ ಪ್ರಶ್ನೆನೇ ನಮ್ ಫಾದರ್ ನಲ್ಲಿ ಹತ್ರ ಕೇಳ್ತಿದ್ದಿದ್ದು. ನಂಗೆ ಇಷ್ಟ ಆಗಿದ್ದು ಏನಂದ್ರೆ ಆ ದಿನ ಪ್ರಸಂಗದಲ್ಲಿ ಫಾದರ್ ಆ ಒಂಬತ್ತು ಜನನ್ನ ಬೈಯಲೇ ಇಲ್ಲ. ಅವರೇನೂ ಕೆಟ್ಟೋರಲ್ಲ, ಹೇಳಿದ ಮಾತನ್ನೇ ಕೇಳಿದ್ದಾರೆ, ಯಾಜಕರ ಹತ್ರ ಹೋಗು ಅಂದ್ರು ಹೋದ್ರು, ಎಷ್ಟೋ ವರ್ಷದ ಮೇಲೆ ಹೆಂಡ್ತಿ ಮಕ್ಕಳ ಮುಖ ನೋಡೋ ಅರ್ಜೆಂಟ್ ಅವ್ರಿಗೆ, ಕೃತಜ್ಞತೆ ಇಲ್ದೇ ಇರೋದಕ್ಕೆ ಕೆಟ್ಟ ಮನಸ್ಸೇ ಬೇಕು ಅಂತಿಲ್ಲ, ಕೆಲ್ಸ ಜಾಸ್ತಿ ಇದ್ರೂ ಸಾಕು ಅಂದ್ರು. ಈಗ ಬೆಂಗಳೂರಲ್ಲಿ ಇಪ್ಪತ್ನಾಕು ಗಂಟೆ ಓಡ್ತಾ ಇರೋ ನಂಗೆ ಅದು ಆವತ್ತಿಗಿಂತ ಈಗ ಚೆನ್ನಾಗಿ ಅರ್ಥ ಆಗುತ್ತೆ.

ಹಾಸ್ಟೆಲಲ್ಲಿ ಎಲ್ಲಾ ಕ್ರೈಸ್ತರೇ ಇರ್ಲಿಲ್ಲ. ಬೇಲೂರು, ಆಲೂರು, ಸಕಲೇಶಪುರ ಕಡೆಯಿಂದ ಬಂದ ಗೌಡರ ಮನೆ ಹುಡುಗ್ರು, ಲಿಂಗಾಯತರು, ಸಾಬರ ಹುಡುಗ್ರು ಎಲ್ಲಾ ಇದ್ರು, ಹಾಸನಾಂಬೆ ಬಾಗಿಲು ತೆಗೆದಾಗ ಅರ್ಧ ಹಾಸ್ಟೆಲ್ ಲೀವ್ ಕೇಳೋದು, ಫಾದರ್ ಕೊಡೋರು, ಬರುವಾಗ ಪ್ರಸಾದ ಎಲ್ಲಾರಿಗೂ ಬರೋದು. ಬೇಲೂರ್ ಕಡೆ ಒಬ್ಬ ಇದ್ದ, ನನ್ನ ಪಕ್ಕದ ಬೆಡ್ಡು, ತುಂಬಾ ತಲೆ ಹರಟೆ. ಅವ್ನು ಒಂದಿನ ನೇರವಾಗಿ ಕೇಳೇಬಿಟ್ಟ, "ಫಾದರ್, ದೇವ್ರಿಗೆ ನಮ್ ಥ್ಯಾಂಕ್ಸ್ ಯಾಕೆ ಬೇಕು? ನಾವ್ ಹೇಳ್ದಿದ್ರೆ ಅವ್ರಿಗೆ ಬೇಜಾರಾಗುತ್ತಾ?" ನಾವೆಲ್ಲಾ ಇವ್ನಿಗೆ ಇವತ್ತು ಐತೆ ಅನ್ಕೊಂಡ್ವಿ. ಫಾದರ್ ನಕ್ಕು, "ಬೇಡ ಕಣಯ್ಯ, ದೇವ್ರಿಗೆ ಬೇಡ್ವೇ ಬೇಡ, ನಮ್ ಪೂಜೆಯಲ್ಲೇ ಒಂದು ಪ್ರಾರ್ಥನೆ ಐತೆ, ಅದ್ರಲ್ಲಿ ನಮ್ ಹೊಗಳಿಕೆ ನಿನಗೆ ಬೇಕಿಲ್ಲ, ನಾವು ಕೃತಜ್ಞರಾಗಿರೋದೂ ನೀನು ಕೊಟ್ಟ ವರಾನೇ ಅಂತ ಹೇಳ್ತೀವಿ" ಅಂದ್ರು. ಆ ಹುಡ್ಗ ಸ್ವಲ್ಪ ಹೊತ್ತು ಯೋಚ್ನೆ ಮಾಡಿ "ಹಂಗಾದ್ರೆ ಅದನ್ನೂ ಅವ್ರೇ ಕೊಡ್ಬೇಕಾ" ಅಂದ. ಹ್ಞೂ ಅಂದ್ರು. ಅವ್ನು ಈಗ ಬೇಲೂರಲ್ಲೇ ಲಾಯರ್ ಆಗಿದಾನೆ, ಆಶ್ಚರ್ಯ ಇಲ್ಲ ಬಿಡಿ.

ಊಟ ಆದ್ಮೇಲಿನ ಪ್ರಾರ್ಥನೆಯಲ್ಲಿ ಒಂದು ಸಾಲು ಇತ್ತು, ನಮಗೆ ಉಪಕಾರ ಮಾಡಿದ ಎಲ್ಲರಿಗೂ ನಿತ್ಯಜೀವ ಕೊಡು ಅಂತ. ಯಾರು ಉಪಕಾರ ಮಾಡಿದೋರು ಅಂತ ಫಾದರ್ ಕೇಳಿದ್ರು ಒಂದಿನ. ಫಾರಿನ್ ಬೆನೆಫ್ಯಾಕ್ಟರ್ಸ್ ಅಂತ ಯಾರೋ ಒಬ್ಬ ಹೇಳ್ದ, ಬಿಷಪ್ ಅಂತ ಒಬ್ಬ ಹೇಳ್ದ, ಫಾದರ್ ಅಡುಗೆ ಮನೆ ಬಾಗಿಲು ತೋರ್ಸಿ, ಒಳಗೆ ಹೊಗೇಲಿ ಇರೋರು ಲೆಕ್ಕಕ್ಕಿಲ್ವಾ ಅಂದ್ರು. ಅವತ್ತಿಂದ ಪ್ರತಿ ರಾತ್ರಿ ಒಬ್ಬೊಬ್ಬ ಹುಡುಗ ಹೋಗಿ ಅಡುಗೆ ಅಮ್ಮಂಗೆ ಥ್ಯಾಂಕ್ಸ್ ಹೇಳಿ ಬರ್ಬೇಕು. ಅಮ್ಮ ಅಂದ್ರೆ ನಮ್ಮೆಲ್ಲರ ಅಮ್ಮ, ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚೋರು, ಕೊಪ್ಪರಿಗೇಲಿ ಹಿಟ್ಟು ಬೆಂದ ಮೇಲೆ ಎರಡು ಕಾಲಲ್ಲೂ ಕೊಪ್ಪರಿಗೆನ ಒತ್ತಿ ಹಿಡ್ಕೊಂಡು ಮುದ್ದೆ ಕೋಲಲ್ಲಿ ತಿರುವೋರು, ಬಿಸಿ ಹಿಟ್ಟು ಕೈಗೆ ತಾಗಿ ತಾಗಿ ಬೆರಳ ತುದಿ ಎಲ್ಲಾ ನುಣ್ಣಗೆ ಆಗಿಹೋಗಿತ್ತು, ಆಧಾರ್‌ಗೆ ಬೆರಳಚ್ಚು ತಗೊಳೋವಾಗ ಮೆಷಿನ್ ತಗೊಳ್ಳಲೇ ಇಲ್ಲ ಅಂತ ಆಮೇಲೆ ಯಾವತ್ತೋ ಹೇಳಿದ್ರು. ನನ್ನ ಸರದಿ ಬಂದಾಗ ನಾನು ಕೈ ಕಟ್ಕೊಂಡು ನಿಂತು "ಅಮ್ಮ ಊಟಕ್ಕೆ ಥ್ಯಾಂಕ್ಸ್" ಅಂದೆ. ಅಮ್ಮ ಸೆರಗಲ್ಲಿ ಮುಖ ಒರೆಸ್ಕೊಂಡು, "ಥ್ಯಾಂಕ್ಸ್ ಇರ್ಲಿ ಕಣಪ್ಪ, ಮುದ್ದೆ ಗಂಟಾಗಿತ್ತಾ ಅದ್ ಹೇಳು" ಅಂದ್ರು. ಆಗಿತ್ತು. ಹೇಳಿದೆ. ಮಾರನೇ ದಿನ ಆಗ್ಲಿಲ್ಲ.

ಈಗ ನನ್ನ ಅಜ್ಜಿ ವಿಷಯ ಹೇಳ್ಬೇಕು, ಯಾಕಂದ್ರೆ ಫಾದರ್ ಹೇಳಿದ್ದು ನಂಗೆ ತಲೆಗೆ ಹೋಗಿದ್ದೇ ಅಜ್ಜಿಯಿಂದ. ನಮ್ದು ಶೆಟ್ಟಿಹಳ್ಳಿ ಕಡೆ ಮನೆತನ. ಶೆಟ್ಟಿಹಳ್ಳಿ ಚರ್ಚ್ ಅಂದ್ರೆ ಈಗ ಎಲ್ಲಾರಿಗೂ ಗೊತ್ತು, ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿರೋ ಚರ್ಚು, ಡ್ರೋನ್ ವಿಡಿಯೋ, ಪ್ರೀ ವೆಡ್ಡಿಂಗ್ ಶೂಟು, ಬೇಸಿಗೇಲಿ ಹೋದ್ರೆ ಪಾರ್ಕಿಂಗ್‌ಗೆ ಜಾಗ ಸಿಗಲ್ಲ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆ ದೇವಾಲಯ ಅದು. ಹೇಮಾವತಿಗೆ ಕಟ್ಟಿದ ಗೊರೂರು ಡ್ಯಾಮ್ 1979ರಲ್ಲಿ ಮುಗೀತು, ಹಿನ್ನೀರು ಬಂದು ಊರು, ಗದ್ದೆ, ಚರ್ಚ್ ಎಲ್ಲಾ ಅದರೊಳಗೆ ಹೋಯ್ತು, ಜನ ಎತ್ತರದ ಜಾಗಗಳಿಗೆ ಹೋಗಿ ಮತ್ತೆ ಮನೆ ಕಟ್ಕೊಂಡ್ರು. ಅಜ್ಜಿ ಮದುವೆ ಆಗಿದ್ದು ಆ ಚರ್ಚಲ್ಲಿ, ಅಪ್ಪಂಗೆ ಜ್ಞಾನಸ್ನಾನ ಆಗಿದ್ದು ಅಲ್ಲೇ. ಫೋಟೋ ತೆಗೆಯೋಕೆ ಬರೋರಿಗೆ ಅದು ಬರೀ ಗೋಡೆ, ಅಜ್ಜಿಗೆ ಈ ಕಡೆ ಹೆಂಗಸ್ರು ಕೂರ್ತಿದ್ರು, ಆ ಕಡೆ ಗಂಡಸ್ರು, ಅಲ್ಲಿ ನನ್ನ ಅತ್ತೆ ಯಾವಾಗ್ಲೂ ಮಂಡಿ ಊರ್ತಿದ್ದ ಜಾಗ ಅಂತ ಒಂದೊಂದು ಮೊಳವೂ ಗೊತ್ತಿತ್ತು.

ಪ್ರತಿ ವರ್ಷ ಮಳೆ ಶುರುವಾದ್ಮೇಲೆ ಅಜ್ಜಿದು ಒಂದೇ ಪ್ರಶ್ನೆ, ನೀರು ಎಲ್ಲೀಗಂಟ ಬಂತು. ಮೂಡಿಗೆರೆ ಕಡೆ ಬೆಟ್ಟದಲ್ಲಿ ಹುಟ್ಟೋ ಹೇಮಾವತಿ, ಬಾಬಾಬುಡನ್‌ಗಿರಿ ಕಡೆಯಿಂದ ಬರೋ ಯಗಚಿ, ಆ ಕಡೆ ನಾಲ್ಕು ದಿನ ಜೋರಾಗಿ ಹೊಡೆದ್ರೆ ಇಲ್ಲಿ ಚರ್ಚಿನ ಬಾಗಿಲು ಮುಚ್ಚುತ್ತೆ, ಆಮೇಲೆ ಕಿಟಕಿ, ಆಮೇಲೆ ಕಮಾನು. ಯಾರಾದ್ರೂ ಕಮಾನಿಗೆ ಬಂತು ಅಂತ ಹೇಳಿದ್ರೆ ಅಜ್ಜಿ ಜಪಸರ ತಗೊಂಡು "ಸ್ತೋತ್ರ ತಂದೆ, ಈ ಸಲ ನೀರಾಯ್ತು, ಬೆಳೆ ಆಯ್ತದೆ" ಅನ್ನೋರು. ನಮ್ ದೊಡ್ಡಪ್ಪಂಗೆ ಇದು ಕೇಳಿದ್ರೆ ಮೈ ಉರಿಯೋದು. ನಮ್ ಮನೆ ಮುಳುಗ್ಸಿದ ನೀರಿಗೆ ಸ್ತೋತ್ರ ಹೇಳ್ತೀಯಲ್ಲವ್ವಾ, ನಮ್ ಗದ್ದೆ ಅದ್ರೊಳಗೆ ಐತೆ, ಬೆಳೆ ಆಗೋದು ತುಮಕೂರೋರ್ಗೆ ಮಂಡ್ಯದೋರ್ಗೆ, ನಮಗಲ್ಲ ಅಂತ ರೇಗೋರು. ಅಜ್ಜಿ ಒಂದ್ಸಲ ಅದಕ್ಕೆ ಕೊಟ್ಟ ಉತ್ತರ ನಾನೇ ಕೂತ್ಕೊಂಡು ಕೇಳಿಸ್ಕೊಂಡಿದೀನಿ: "ನೀರೇನ್ ಮಾಡ್ತಲಾ ನಿಂಗೆ? ನೀರು ದೇವ್ರುದು, ಡ್ಯಾಮು ಮನುಷರ್ದು. ನೀರಿಗೆ ಸ್ತೋತ್ರ ಹೇಳ್ತೀನಿ. ಡ್ಯಾಮಿನ್ ವಿಷ್ಯ ಬೇಕಾದ್ರೆ ಕೂತ್ಕೋ, ನಾನೂ ಬೈತೀನಿ." ನಿಜವಾಗ್ಲೂ ಬೈಯೋರು, ಅದೂ ಸಾಮಾನ್ಯ ಬೈಗುಳ ಅಲ್ಲ, ಇಲ್ಲಿ ಬರೆದ್ರೆ ಎಡಿಟರ್ ತೆಗೆದು ಹಾಕ್ತಾರೆ.

ದೇವ್ರಿಗೆ ಕೃತಜ್ಞತೆ ಅಂದ ತಕ್ಷಣ ಬಾಯಿ ಮುಚ್ಕೊಂಡು ಎಲ್ಲಾ ಒಪ್ಕೋಬೇಕು, ನಷ್ಟ ಆದ್ರೂ ನಗ್ತಾ ಇರ್ಬೇಕು, ಅನ್ಯಾಯನ ದೇವರ ಚಿತ್ತ ಅಂತ ನುಂಗ್ಬೇಕು ಅಂತ ಕೆಲವ್ರು ಬೋಧನೆ ಮಾಡ್ತಾರೆ, ಯೂಟ್ಯೂಬಲ್ಲಂತೂ ದಿನಾ ಒಂದು ಬರುತ್ತೆ. ನಂಗೆ ಅದು ಒಪ್ಪಿಗೆ ಇಲ್ಲ. ಅಜ್ಜಿ ಸ್ತೋತ್ರ ಹೇಳ್ತಾನೇ ಪರಿಹಾರದ ಕಾಗದ ಹಿಡ್ಕೊಂಡು ಆಫೀಸ್ ಆಫೀಸ್ ಅಲೆದೋರು.

ನಾನು ಒಂಬತ್ತನೇ ಕ್ಲಾಸಲ್ಲಿ ಇರುವಾಗ ನಮ್ ಮನೆ ಆಲೂಗೆಡ್ಡೆ ಪೂರ್ತಿ ಹೋಯ್ತು. ಹಾಸನದೋರಿಗೆ ಹೇಳೋದೇ ಬೇಡ, ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ ಜಲಂಧರ್ ಬಿತ್ತನೆ ಗೆಡ್ಡೆ ಚೀಲಕ್ಕೆ ಕ್ಯೂ ನಿಲ್ಲೋದು, ಸಾಲ ಮಾಡಿ ತರೋದು, ಕೊಯ್ದು ಬಿತ್ತೋದು, ಜುಲೈಗೆ ಹಸಿರು ಹಸಿರಾಗಿ ಸಾಲು ತುಂಬಿ ನಿಂತಿರುತ್ತೆ. ಆಮೇಲೆ ಒಂದು ವಾರ ಬಿಸಿಲೇ ಬರ್ದೆ ಜಿಟಿಜಿಟಿ ಹಿಡಿದ್ರೆ ಮುಗೀತು, ಅಂಗಮಾರಿ. ಎಲೆ ಅಂಚಿಂದ ಕಪ್ಪಾಗ್ತಾ ಬರುತ್ತೆ, ತಿರುಗ್ಸಿ ನೋಡಿದ್ರೆ ಅಡಿಯಲ್ಲಿ ಬಿಳಿ ಬೂಷ್ಟು, ಔಷಧಿ ಹೊಡಿಯೋ ಅಷ್ಟರಲ್ಲಿ ಹೊಲ ಪೂರ್ತಿ ಬೆಂದ ಹಾಗೆ ಮಲಗಿರುತ್ತೆ, ಆ ಕೊಳೆತ ವಾಸನೆ ರಸ್ತೆವರೆಗೂ ಬರುತ್ತೆ. 1845ರಲ್ಲಿ ಐರ್ಲೆಂಡಲ್ಲಿ ಬಂದಿದ್ದೂ ಇದೇ ರೋಗ, ಆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ರು ಅಂತ ನಮ್ ಸೈನ್ಸ್ ಸಿಸ್ಟರ್ ಹೇಳಿದ್ರು, ಆಗ ನಂಗೆ ಐರ್ಲೆಂಡಿನೋರ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಬಂತು.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕ್ತಾ ಇರ್ಲಿಲ್ಲ. ಸುಮ್ನೆ ತಟ್ಟೆ ಎಳ್ಕೊಂಡು ತಿನ್ನೋರು. ಅವ್ವ ಒಬ್ಳೇ ಮೆಲ್ಲಗೆ ಹೇಳ್ಕೊಳ್ಳೋಳು. ವಾಪಸ್ ಬಂದು ಇದನ್ನ ಫಾದರ್ ಹತ್ರ ಹೇಳಿದೆ, ಅಪ್ಪಂಗೆ ಏನಾದ್ರೂ ಬುದ್ಧಿ ಹೇಳ್ತಾರೆ ಅಂತ. ಫಾದರ್ ಏನೂ ಹೇಳ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬೈಬಲ್ಲಲ್ಲಿ ಹಬಕ್ಕೂಕ ಅಂತ ಒಂದು ಸಣ್ಣ ಪುಸ್ತಕ ತೆಗೆದು ಕೊನೇ ಪುಟ ಓದು ಅಂತ ಕೊಟ್ರು. ಅಂಜೂರ ಚಿಗುರದೇ ಹೋದ್ರೂ, ದ್ರಾಕ್ಷಿ ಬಿಡದೇ ಹೋದ್ರೂ, ಹೊಲ ಬೆಳೆ ಕೊಡದೇ ಹೋದ್ರೂ, ಕೊಟ್ಟಿಗೇಲಿ ದನ ಇಲ್ದಿದ್ರೂ ನಾನು ದೇವರಲ್ಲಿ ಆನಂದಪಡ್ತೀನಿ ಅನ್ನೋ ಅರ್ಥದ ಮಾತು ಅಲ್ಲಿದೆ. ಓದಿ ಮುಗಿಸಿದ್ಮೇಲೆ ಫಾದರ್ ಅಂದ್ರು, ನೋಡು, ಬೆಳೆ ಹೋಗಿದ್ದಕ್ಕೆ ಸ್ತೋತ್ರ ಅಂತ ಇವ್ನು ಹೇಳ್ತಾ ಇಲ್ಲ, ಏನೇನು ಹೋಯ್ತು ಅಂತ ಮೊದ್ಲು ಒಂದೊಂದಾಗಿ ಲೆಕ್ಕ ಕೊಡ್ತಾನೆ, ಪೂರ್ತಿ ಲೆಕ್ಕ ಕೊಟ್ಟಾದ್ಮೇಲೇ ಆ ಮಾತಾಡೋದು, ನಿಮ್ಮಪ್ಪ ಇನ್ನೂ ಲೆಕ್ಕ ಕೊಡ್ತಾ ಇದಾರೆ, ಕೊಡ್ಲಿ ಬಿಡು. ಅಷ್ಟೇ. ಆ ವರ್ಷ ನಮ್ ಮನೆಗೆ ಮೆಸ್ ಫೀಸಿನ ಚೀಟಿ ಬರ್ಲೇ ಇಲ್ಲ. ಯಾರು ಕಟ್ಟಿದ್ರು ಅಂತ ಇವತ್ತಿಗೂ ಗೊತ್ತಿಲ್ಲ, ಕೇಳಿದ್ರೂ ಹೇಳ್ಲಿಲ್ಲ, ಪ್ರಾರ್ಥನೆಯಲ್ಲಿ ಉಪಕಾರ ಮಾಡಿದೋರು ಅಂತ ಹೇಳ್ತೀಯಲ್ಲ ಅದ್ರಲ್ಲಿ ಬಂತು ಬಿಡು ಅಂದ್ರು. ಅಪ್ಪ ಮುಂದಿನ ವರ್ಷ ಜೋಳ ಹಾಕಿದ್ರು. ಶಿಲುಬೆ ಗುರುತು ಯಾವಾಗ ಮತ್ತೆ ಶುರು ಮಾಡಿದ್ರೋ ನಾನು ಗಮನಿಸ್ಲಿಲ್ಲ, ಕ್ರಿಸ್ಮಸ್ಸಿಗೆ ಹೋದಾಗ ಹಾಕ್ತಾ ಇದ್ರು.

ಇನ್ನೊಂದು ಥರದ ಸ್ತೋತ್ರ ಇದೆ, ಅದ್ರ ಬಗ್ಗೆ ನಂಗೆ ಸ್ವಲ್ಪ ತಕರಾರಿದೆ. 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ನಮ್ ಬ್ಯಾಚಿನ ಒಬ್ಬನ ಕಾಫಿ ತೋಟ ಅರ್ಧ ಕೊಚ್ಕೊಂಡ್ ಹೋಯ್ತು, ವರ್ಷಾನುಗಟ್ಟಲೆ ಸಾಕಿದ ಗಿಡ, ಮೆಣಸಿನ ಬಳ್ಳಿ, ಮರ ಎಲ್ಲಾ ಮಣ್ಣಿನ ಜೊತೆ ಹಳ್ಳಕ್ಕೆ. ಬ್ಯಾಚ್ ಗ್ರೂಪಲ್ಲಿ ಅವ್ನು ಫೋಟೋ ಹಾಕಿದ ಕೆಳಗೇ ಇನ್ನೊಬ್ರು "ನಮ್ ಏರಿಯಾ ಸೇಫ್, ದೇವರಿಗೆ ಸ್ತೋತ್ರ" ಅಂತ ಹಾಕಿದ್ರು. ತಪ್ಪೇನಿಲ್ಲ, ಮನೆ ಉಳಿದ್ರೆ ಸ್ತೋತ್ರ ಹೇಳ್ಲೇಬೇಕು. ಆದ್ರೆ ಆ ಫೋಟೋ ಕೆಳಗೆ ಅದನ್ನ ಓದಿದಾಗ ಒಂಥರಾ ಆಯ್ತು. ಲೂಕನ ಹದಿನೆಂಟನೇ ಅಧ್ಯಾಯದಲ್ಲಿ ಒಬ್ಬ ಫರಿಸಾಯ, ಅಂದ್ರೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋನು, ದೇವಾಲಯಕ್ಕೆ ಹೋಗಿ ಮಾಡೋ ಪ್ರಾರ್ಥನೆನೂ ಕೃತಜ್ಞತೆಯದೇ, ನಾನು ಬೇರೆಯವ್ರ ಹಾಗೆ ಇಲ್ಲ, ಅಲ್ಲಿ ನಿಂತಿರೋ ಸುಂಕದವನ ಹಾಗೆ ಇಲ್ಲ, ಅದಕ್ಕೆ ನಿನಗೆ ವಂದನೆ ಅಂತ. ದೇವ್ರು ಮೆಚ್ಚಿದ್ದು ಸುಂಕದವನನ್ನ. ಚರ್ಚಲ್ಲಿ ಸಾಕ್ಷಿ ಹೇಳೋವಾಗ ವೀಸಾ ಸಿಕ್ತು, ಸೈಟ್ ರಿಜಿಸ್ಟ್ರೇಷನ್ ಆಯ್ತು, ಮಗಳಿಗೆ ಮೆಡಿಕಲ್ ಸೀಟ್ ಆಯ್ತು ಅಂತ ಬರುತ್ತಲ್ಲ, ಕೇಳೋಕೆ ಸಂತೋಷನೇ, ಆದ್ರೆ ಹಿಂದಿನ ಬೆಂಚಲ್ಲಿ ಸೀಟ್ ಸಿಗ್ದೇ ಇರೋ ಹುಡುಗಿನೂ ಕೂತಿರ್ತಾಳೆ. ಅಜ್ಜಿ ಹಾಗೆ ಇವತ್ತು ಕಾಲುನೋವು ಕಮ್ಮಿ ಇತ್ತು, ಹಸು ಒದೀದೆ ಹಾಲು ಕೊಡ್ತು ಅಂತ ಸಾಕ್ಷಿ ಹೇಳೋರು ಯಾರೂ ಮೈಕ್ ಹತ್ರ ಬರಲ್ಲ. ಆ ತೋಟದ ಹುಡುಗ ಮಾತ್ರ ಎರಡು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್ ಹಾಕ್ದ, ಲೈನ್ ಮನೆಯಲ್ಲಿರೋ ತೋಟದ ಕೆಲ್ಸದವ್ರನ್ನ ಹಿಂದಿನ ರಾತ್ರಿನೇ ಸ್ಕೂಲಿಗೆ ಕಳ್ಸಿದ್ವಿ, ಯಾರಿಗೂ ಏನೂ ಆಗಿಲ್ಲ, ದೇವ್ರು ದೊಡ್ಡೋನು ಅಂತ. ಅವ್ನು ಕ್ರೈಸ್ತನೂ ಅಲ್ಲ.

ನಾನು ಈಗ ಬೆಂಗಳೂರಲ್ಲಿ ಒಂದು ಪ್ರೈವೇಟ್ ಕಂಪನಿಯಲ್ಲಿ ಇದೀನಿ. ಆಫೀಸ್ ಕ್ಯಾಂಟೀನಲ್ಲಿ ಊಟ ಆದ್ಮೇಲೆ ಎದ್ದು ನಿಂತು ಪ್ರಾರ್ಥನೆ ಮಾಡೋ ಧೈರ್ಯ ಇಲ್ಲ, ಕೂತಲ್ಲೇ ಒಂದು ನಿಮಿಷ ಸುಮ್ನಿರ್ತೀನಿ, ಎದುರಿಗಿರೋರು ಮೊಬೈಲ್ ನೋಡ್ತಿದೀನಿ ಅನ್ಕೊಳ್ತಾರೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೊಸ ಟ್ರೈನ್ ಲೈನ್ ಆದ್ಮೇಲೆ ಊರಿಗೆ ಹೋಗೋದು ಎಷ್ಟು ಸಲೀಸಾಗಿದೆ ಅಂದ್ರೆ, ಅಜ್ಜಿಯ ಕೊನೇ ವರ್ಷ ತಿಂಗಳಿಗೆ ಎರಡು ಸಲನಾದ್ರೂ ಹೋಗಿ ಪಕ್ಕದಲ್ಲಿ ಕೂತ್ಕೊಂಡು ಜಪಸರ ಮಾಡೋಕೆ ಆಯ್ತು. ಆ ಲೈನಿಗೆ ಜಲ್ಲಿ ಹೊತ್ತೋರು ಯಾರೋ, ಉಪಕಾರ ಮಾಡಿದೋರ ಸಾಲಲ್ಲಿ ಅವ್ರನ್ನೂ ಸೇರಿಸ್ಕೊಂಡಿದೀನಿ. ಫಾದರ್ ಟ್ರಾನ್ಸ್‌ಫರ್ ಆಗಿ ಬೇರೆ ಧರ್ಮಕೇಂದ್ರಕ್ಕೆ ಹೋದ್ರು, ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದ್ರೆ ಬಿಷಪ್ ನೋಡ್ಕೊಳ್ಳೋ ಪ್ರದೇಶ, ಎರಡು ಜಿಲ್ಲೆದು, ಎಲ್ಲಿದ್ರೂ ಹಾಸನ ಇಲ್ಲಾ ಚಿಕ್ಕಮಗಳೂರಲ್ಲೇ ಇರ್ತಾರೆ, ಫೋನ್ ಮಾಡಿದ್ರೆ ಈಗ್ಲೂ ಊಟ ಆಯ್ತಾ ಅಂತ ಕೇಳಲ್ಲ, ಊಟ ಆದ್ಮೇಲೆ ಏನ್ ಮಾಡ್ದೆ ಅಂತಾರೆ.

ಕೊನೇದಾಗಿ ಒಂದು ಕೆಲ್ಸದ ಮಾತು, ಇದಕ್ಕೋಸ್ಕರನೇ ಮ್ಯಾಗಝೀನಿಗೆ ಬರಿಯೋಕೆ ಒಪ್ಕೊಂಡಿದ್ದು. ಅಡುಗೆ ಅಮ್ಮ ಈಗ ಕೆಲ್ಸ ಬಿಟ್ಟಿದಾರೆ, ಮಂಡಿನೋವು, ಹಾಸನದಲ್ಲೇ ಮಗಳ ಮನೇಲಿ ಇದಾರೆ. ಹೋದ ತಿಂಗಳು ಹೋಗಿದ್ದೆ, ಕಾಲಿಗೆ ಆಪರೇಷನ್ ಆಗ್ಬೇಕು ಅಂದಿದಾರೆ ಡಾಕ್ಟ್ರು. ಅಮ್ಮ ಯಾರ ಹತ್ರನೂ ಕೇಳೋರಲ್ಲ, ನಾನು ಕೇಳ್ತಿದೀನಿ. ನಮ್ ಬ್ಯಾಚಿಂದ ಸ್ವಲ್ಪ ದುಡ್ಡು ಸೇರಿದೆ, ಸಾಕಾಗಲ್ಲ. ಅವ್ರು ತಿರುವಿದ ಮುದ್ದೆ ತಿಂದೋರು ಯಾವ ಬ್ಯಾಚ್ ಆದ್ರೂ ಪರ್ವಾಗಿಲ್ಲ, ಸ್ಕೂಲ್ ಆಫೀಸಲ್ಲಿ ನನ್ನ ನಂಬರ್ ಕೊಟ್ಟಿದೀನಿ, ಫೋನ್ ಮಾಡಿ. ಗ್ರೂಪಲ್ಲಿ ಕೈ ಮುಗಿಯೋ ಇಮೋಜಿ ಹಾಕಿ ಸುಮ್ನಾಗ್ಬೇಡಿ ದಯವಿಟ್ಟು. ಬೇಲೂರಿನ ಲಾಯರ್ ಸಾಹೇಬ್ರು ಲೆಕ್ಕ ನೋಡ್ಕೊಳ್ತೀನಿ ಅಂತ ಒಪ್ಕೊಂಡಿದಾರೆ, ರಸೀದಿ ಕೊಡ್ತಾರೆ. ಹೋಗಿ ನೋಡ್ಕೊಂಡ್ ಬರೋಕೆ ಆಗೋರು ಸಂಜೆ ಐದರ ಮೇಲೆ ಹೋಗಿ, ಮಧ್ಯಾಹ್ನ ಮಲಗಿರ್ತಾರೆ.